ಮಂಗಳೂರು, ಉಡುಪಿಯ ತಿಂಗಳುವಾರು ಉಷ್ಣಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಓದಲಿಕ್ಕೆ, ಕೆಲಸಕ್ಕೆ, ಮದುವೆಗೆ, ಇಲ್ಲಾ ಸುಮ್ನೆ ಸಮುದ್ರ ನೋಡಲಿಕ್ಕೆ ಅಂತ ಕರಾವಳಿಗೆ ಬರುವವರು ಮೊದಲು ಕೇಳುವುದು ಇಲ್ಲಿನ ಸೆಕೆಯ ಬಗ್ಗೆ. ಸರಾಸರಿ ಉಷ್ಣಾಂಶದ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಆ ಪಟ್ಟಿಯನ್ನು ನಂಬಿ ಬಂದವರಿಗೆ ಇಲ್ಲಿನ ಏಪ್ರಿಲ್ ಬೇರೆಯೇ ಕಾಣುತ್ತದೆ. ಅದಕ್ಕೇ ಅಂಕಿಗಳ ಜೊತೆ ಅವುಗಳ ಹಿಂದಿನ ಕಾರಣವನ್ನೂ ಇಲ್ಲಿ ಬರೆದಿದ್ದೇನೆ.

ಯಾವ ತಿಂಗಳಲ್ಲಿ ಎಷ್ಟು ಉಷ್ಣಾಂಶ ಇರುತ್ತದೆ?

ಮಂಗಳೂರಿನ ಲೆಕ್ಕ ಕೆಳಗಿದೆ. ಮೊದಲನೆಯದು ಹಗಲಿನ ಗರಿಷ್ಠದ ಸರಾಸರಿ, ಎರಡನೆಯದು ರಾತ್ರಿಯ ಕನಿಷ್ಠದ ಸರಾಸರಿ. ಎಲ್ಲವೂ ಸೆಲ್ಸಿಯಸ್, ಹತ್ತಿರದ ಅರ್ಧ ಡಿಗ್ರಿಗೆ ಸರಿಹೊಂದಿಸಿದ ಸುಮಾರು ಅಂಕಿಗಳು.

ಜನವರಿ: 33, 21
ಫೆಬ್ರವರಿ: 33, 22
ಮಾರ್ಚ್: 33.5, 23.5
ಏಪ್ರಿಲ್: 34, 25
ಮೇ: 33.5, 25
ಜೂನ್: 30, 23.5
ಜುಲೈ: 28.5, 23
ಆಗಸ್ಟ್: 28.5, 23
ಸೆಪ್ಟೆಂಬರ್: 29.5, 23
ಅಕ್ಟೋಬರ್: 31, 23
ನವೆಂಬರ್: 32.5, 22.5
ಡಿಸೆಂಬರ್: 33, 21.5

ಉಡುಪಿಗೂ ಇದೇ ಪಟ್ಟಿ ಸಾಕು. ಎರಡೂ ಊರು ಒಂದೇ ಕಡಲತೀರದ ಮೇಲಿವೆ, ನಡುವೆ ಅರವತ್ತು ಕಿಲೋಮೀಟರ್ ದೂರವೂ ಇಲ್ಲ. ತಿಂಗಳ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರುವುದಿಲ್ಲ.

ಅಂದರೆ ವರ್ಷವಿಡೀ ಒಂದೇ ಥರದ ಹವೆ ಅಂತಲಾ?

ಸರಾಸರಿ ಮಾತ್ರ ನೋಡಿದರೆ ಹೌದು. ಹಗಲು ರಾತ್ರಿ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಜುಲೈಗೆ ಸುಮಾರು 26 ಬರುತ್ತದೆ, ಏಪ್ರಿಲ್‌ಗೆ 29.5. ಇಡೀ ವರ್ಷದ ಏರಿಳಿತ ಇಷ್ಟೇ, ಮೂರೂವರೆ ಡಿಗ್ರಿ. ದೆಹಲಿಯಲ್ಲಿ ಜನವರಿಗೂ ಜೂನ್‌ಗೂ ಹದಿನೆಂಟು-ಇಪ್ಪತ್ತು ಡಿಗ್ರಿ ಅಂತರ ಇರುತ್ತದೆ.

ಆದರೆ ಇನ್ನೊಂದು ವಿಷಯ ಗಮನಿಸಿ. ಜನವರಿಯ ಸರಾಸರಿ 27, ಜೂನ್‌ನದ್ದೂ ಹತ್ತಿರ ಹತ್ತಿರ 27. ಜನವರಿಯಲ್ಲಿ ಅಂಗಳದ ತುಂಬ ಅಡಿಕೆ ಒಣಗುತ್ತದೆ, ಬೆಳಗಿನ ಜಾವ ಹೊದಿಕೆ ಬೇಕಾಗುತ್ತದೆ. ಜೂನ್‌ನಲ್ಲಿ ಬೈರಾಸು (ಟವೆಲ್) ಮೂರು ದಿನವಾದರೂ ಒಣಗುವುದಿಲ್ಲ. ಈ ಎರಡು ತಿಂಗಳು ಒಂದೇ ಅಂತ ಇಲ್ಲಿ ಬದುಕಿದವರು ಯಾರೂ ಹೇಳಲಾರರು.

ಹಾಗಾಗಿ ಕರಾವಳಿಯ ತಿಂಗಳನ್ನು ಅಳೆಯುವಾಗ ಮೂರು ಸಂಗತಿ ಒಟ್ಟಿಗೆ ನೋಡಬೇಕು: ಹಗಲಿಗೂ ರಾತ್ರಿಗೂ ಇರುವ ಅಂತರ, ಗಾಳಿಯಲ್ಲಿರುವ ಪಸೆ (ತೇವ), ಗಾಳಿ ಬೀಸುವ ದಿಕ್ಕು. ಜನವರಿಯಲ್ಲಿ ಹಗಲು-ರಾತ್ರಿಯ ಅಂತರ ಹನ್ನೆರಡು ಡಿಗ್ರಿ. ಜುಲೈಯಲ್ಲಿ ಐದಾರು ಮಾತ್ರ. ನನ್ನ ಮಟ್ಟಿಗೆ ಸರಾಸರಿಗಿಂತ ಈ ಅಂತರವೇ ಜಾಸ್ತಿ ವಿಷಯ ಹೇಳುತ್ತದೆ.

ಮೊಬೈಲ್ 32 ಡಿಗ್ರಿ ತೋರಿಸುತ್ತದೆ, ಮೈಗೆ 40 ಅನಿಸುತ್ತದೆ. ಯಾವುದು ಸರಿ?

ಎರಡೂ ಸರಿ. ಮೊಬೈಲ್ ಹೇಳುವುದು ಗಾಳಿಯ ಬಿಸಿ. ನಮ್ಮ ಮೈ ತಂಪಾಗುವುದು ಬೆವರು ಆರಿದಾಗ. ಗಾಳಿಯಲ್ಲಿ ಈಗಾಗಲೇ ನೀರಿನ ಆವಿ ತುಂಬಿದ್ದರೆ ಬೆವರು ಆರುವುದಿಲ್ಲ, ಬರೀ ಇಳಿಯುತ್ತದೆ. ಮೈಯೊಳಗಿನ ಬಿಸಿ ಅಲ್ಲೇ ಉಳಿಯುತ್ತದೆ.

ಉಷ್ಣಾಂಶ ಮತ್ತು ತೇವಾಂಶ ಸೇರಿಸಿ ಲೆಕ್ಕ ಹಾಕುವ ಕ್ರಮ ಇದೆ. 32 ಡಿಗ್ರಿಯಲ್ಲಿ ತೇವಾಂಶ ಶೇ. 70 ಇದ್ದರೆ ನೆರಳಿನಲ್ಲೇ ಮೈಗೆ 40ರ ಮೇಲೆ ಅನಿಸುತ್ತದೆ. ಅದೇ ಒಣ ಹವೆಯ ಕಲಬುರಗಿಯಲ್ಲಿ 40 ಡಿಗ್ರಿ ಇದ್ದು ತೇವಾಂಶ ಶೇ. 20 ಇದ್ದರೆ ಮೈಗೂ ಸುಮಾರು 40 ಅಂತಲೇ ಅನಿಸುತ್ತದೆ. ಅಂದರೆ ಮೇ ತಿಂಗಳ ಮಧ್ಯಾಹ್ನ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವವರ ಕಷ್ಟ, ಕಲಬುರಗಿಯವರ ಕಷ್ಟಕ್ಕಿಂತ ಬಹಳ ಕಮ್ಮಿ ಏನಲ್ಲ. ಪಟ್ಟಿಯಲ್ಲಿ ಅಂಕಿ ಸಣ್ಣದು ಅಷ್ಟೇ. "ನಿಮ್ಮಲ್ಲಿ 34 ತಾನೇ" ಅಂತ ಹಗುರವಾಗಿ ಹೇಳುವವರಿಗೆ ಇದನ್ನು ತಿಳಿಸಿ.

ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೂ 34 ಇರುತ್ತದಲ್ವಾ? ಮತ್ತೆ ವ್ಯತ್ಯಾಸ ಏನು?

ಹಗಲಿನ ಗರಿಷ್ಠ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರುವುದು ರಾತ್ರಿಯಲ್ಲಿ. ಬೆಂಗಳೂರು ರಾತ್ರಿ 22ಕ್ಕೆ ಇಳಿಯುತ್ತದೆ, ಮಂಗಳೂರು 25ರಲ್ಲೇ ನಿಲ್ಲುತ್ತದೆ. ಅದೂ ಬೆಳಗಿನ ಜಾವ ಒಂದೆರಡು ಗಂಟೆ. ರಾತ್ರಿ ಹತ್ತಕ್ಕೂ 28-29 ಇರುತ್ತದೆ, ಜೊತೆಗೆ ಪಸೆ. ಹಗಲು ದಣಿದ ಮೈಗೆ ರಾತ್ರಿಯೂ ಬಿಡುವು ಸಿಗುವುದಿಲ್ಲ. ಬೆಂಗಳೂರಿನಿಂದ ಬಂದವರು ಮೊದಲ ಬೇಸಿಗೆಯಲ್ಲಿ ಹೇಳುವ ದೂರು ನಿದ್ದೆಯ ಬಗ್ಗೆಯೇ ಇರುವುದು ಇದಕ್ಕೆ.

ಸಮುದ್ರ ಪಕ್ಕದಲ್ಲೇ ಇರುವಾಗ ಊರು ತಂಪಾಗಿರಬೇಕಲ್ವಾ?

ಸಮುದ್ರ ತಂಪು ಮಾಡುವುದಿಲ್ಲ, ಅತಿಗೆ ಹೋಗದಂತೆ ತಡೆಯುತ್ತದೆ. ನೆಲಕ್ಕೆ ಬಿಸಿಲು ಬಿದ್ದರೆ ಮೇಲಿನ ಕೆಲವು ಇಂಚು ಮಣ್ಣು ಮಾತ್ರ ಕಾಯುತ್ತದೆ, ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರಿನಲ್ಲಿ ಬಿಸಿಲು ಆಳಕ್ಕೆ ಇಳಿಯುತ್ತದೆ, ಅಲೆ ಅದನ್ನು ಕಲಸುತ್ತದೆ. ಅಷ್ಟು ನೀರು ಒಂದು ಡಿಗ್ರಿ ಏರಲು ವಾರಗಳು ಬೇಕು, ಇಳಿಯಲೂ ಅಷ್ಟೇ. ನಮ್ಮ ತೀರದ ಅರಬ್ಬೀ ಸಮುದ್ರದ ಮೇಲ್ಮೈ ನೀರು ಜನವರಿಯಲ್ಲಿ ಸುಮಾರು 28 ಡಿಗ್ರಿ, ಮೇ ತಿಂಗಳಲ್ಲಿ 30ರ ಆಚೆ. ಮಳೆಗಾಲದಲ್ಲಿ ಗಾಳಿಯ ರಭಸಕ್ಕೆ ಅಡಿಯ ತಣ್ಣೀರು ಮೇಲೆ ಬಂದು ಆಗಸ್ಟ್ ಹೊತ್ತಿಗೆ 27ರ ಹತ್ತಿರಕ್ಕೆ ಇಳಿಯುತ್ತದೆ. ಇಂಥ ನೀರನ್ನು ಪಕ್ಕದಲ್ಲಿ ಇಟ್ಟುಕೊಂಡ ಊರು 45ಕ್ಕೂ ಏರುವುದಿಲ್ಲ, 10ಕ್ಕೂ ಇಳಿಯುವುದಿಲ್ಲ.

ದಿನದ ಲೆಕ್ಕದಲ್ಲಿ ಕಡಲಗಾಳಿ ದೊಡ್ಡ ಉಪಕಾರ ಮಾಡುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಹನ್ನೊಂದರ ಆಸುಪಾಸಿಗೆ ನೆಲ ಕಾದು ಅದರ ಮೇಲಿನ ಗಾಳಿ ಏರಲು ಶುರುವಾಗುತ್ತದೆ. ಆ ಜಾಗಕ್ಕೆ ಸಮುದ್ರದ ಮೇಲಿನ ಗಾಳಿ ನುಗ್ಗುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದರ ಜೋರು ಹೆಚ್ಚು. ಪಣಂಬೂರು, ಮಲ್ಪೆ, ಕಾಪು ಕಡೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ನಿಲ್ಲುತ್ತದೆ. ನೆಲದಿಂದ ಸಮುದ್ರದ ಕಡೆ ಬೀಸುವ ಗಾಳಿ ಶುರುವಾಗಲು ಇನ್ನೂ ಹೊತ್ತು ಬೇಕು. ಆ ನಡುವಿನ ಹೊತ್ತಿನಲ್ಲಿ, ಸಂಜೆ ಏಳೂವರೆಯಿಂದ ರಾತ್ರಿ ಒಂಬತ್ತು-ಹತ್ತರವರೆಗೆ, ತೆಂಗಿನ ಗರಿಯೂ ಅಲ್ಲಾಡುವುದಿಲ್ಲ. ಬೇಸಿಗೆಯ ದಿನದಲ್ಲಿ ಅತಿ ಕಷ್ಟದ ಹೊತ್ತು ಮಧ್ಯಾಹ್ನ ಅಲ್ಲ, ಇದು.

ಡಿಸೆಂಬರ್, ಜನವರಿಯಲ್ಲಿ ಚಳಿ ಇರುತ್ತದಾ? ಸ್ವೆಟರ್ ಬೇಕಾ?

ಸ್ವೆಟರ್ ಬೇಡ. ಮುಂಜಾನೆ ಬೈಕಿನಲ್ಲಿ ಹೋಗುವವರಿಗೆ ಒಂದು ತೆಳು ಜಾಕೆಟ್ ಸಾಕು. ಬೆಳಗಿನ ಜಾವ 20-21, ಕೆಲವು ದಿನ 18ರ ಹತ್ತಿರ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಸುಕಿನಲ್ಲಿ, ಕೃಷ್ಣಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯದ ಮೆರವಣಿಗೆ ನಡೆಯುತ್ತದೆ. ರಾತ್ರಿಯಿಡೀ ಬೀದಿಯಲ್ಲಿ ನಿಲ್ಲುವ ಜನಕ್ಕೆ ಅಷ್ಟು ಹಿತವಾದ ಹವೆ ವರ್ಷದಲ್ಲಿ ಬೇರೆ ಸಿಗುವುದಿಲ್ಲ.

ಹೊಸಬರಿಗೆ ಅಚ್ಚರಿ ತರುವುದು ಹಗಲು. ಜನವರಿಯ ಹಗಲು 33, ಅಂದರೆ ಏಪ್ರಿಲ್‌ಗಿಂತ ಒಂದೇ ಡಿಗ್ರಿ ಕಮ್ಮಿ. ಉತ್ತರ ಭಾರತ ನಡುಗುತ್ತಿರುವ ಹೊತ್ತಿಗೆ ದೇಶದ ಅತಿ ಬಿಸಿ ಊರುಗಳ ದಿನದ ಪಟ್ಟಿಯಲ್ಲಿ ಪಣಂಬೂರು, ಕಾರವಾರ, ಹೊನ್ನಾವರದ ಹೆಸರು ಆಗಾಗ ಮೇಲೆ ಬರುತ್ತದೆ. ಇದಕ್ಕೆ ಕಾರಣ ಘಟ್ಟ. ಆ ತಿಂಗಳುಗಳಲ್ಲಿ ಬೆಳಗ್ಗೆ ಗಾಳಿ ಪೂರ್ವದಿಂದ ಬೀಸುತ್ತದೆ. ಘಟ್ಟದ ಮೇಲಿನಿಂದ ಕೆಳಕ್ಕೆ ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಒಣ ಗಾಳಿ ಸಾವಿರ ಮೀಟರ್ ಇಳಿದರೆ ಹತ್ತು ಡಿಗ್ರಿಯಷ್ಟು ಕಾಯುತ್ತದೆ. ಈ ಗಾಳಿ ಕಡಲಗಾಳಿಯನ್ನು ಮಧ್ಯಾಹ್ನದವರೆಗೂ ಒಳಗೆ ಬರಲು ಬಿಡುವುದಿಲ್ಲ. ಬಾನಿನಲ್ಲಿ ಮೋಡವೂ ಇಲ್ಲ. ಪಾದರಸ 35-36ಕ್ಕೆ ಹೋದರೂ ಗಾಳಿ ಒಣಗಿರುವುದರಿಂದ ನೆರಳಿಗೆ ಬಂದ ಕೂಡಲೇ ಹಾಯೆನಿಸುತ್ತದೆ. ರಾತ್ರಿ ನೆಲದ ಬಿಸಿ ಸಲೀಸಾಗಿ ಮೇಲಕ್ಕೆ ಹೋಗುತ್ತದೆ, ಹಾಗಾಗಿ ಬೆಳಗಿನ ಜಾವ ತಂಪು.

ಉಳಿದ ಊರುಗಳಲ್ಲಿ ಮೇ-ಜೂನ್ ಕಡು ಬೇಸಿಗೆ. ಇಲ್ಲಿ ಜೂನ್‌ನಲ್ಲೇ ಇಳಿಯುವುದು ಯಾಕೆ?

ಮಳೆ. ಮುಂಗಾರು ಸಾಮಾನ್ಯವಾಗಿ ಕೇರಳಕ್ಕೆ ಜೂನ್ 1ರ ಆಸುಪಾಸು ಬರುತ್ತದೆ, ಅದಾದ ಕೆಲವೇ ದಿನಕ್ಕೆ ನಮ್ಮಲ್ಲಿ. ಮೋಡ ಬಿಸಿಲನ್ನು ತಡೆಯುತ್ತದೆ, ಹಗಲಿನ ಗರಿಷ್ಠ ಒಂದೆರಡು ವಾರದಲ್ಲೇ ನಾಲ್ಕು ಡಿಗ್ರಿ ಬೀಳುತ್ತದೆ. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ, ಉಡುಪಿಗೆ ಅದಕ್ಕಿಂತಲೂ ತುಸು ಹೆಚ್ಚು. ಬೆಂಗಳೂರಿಗೆ ಇಡೀ ವರ್ಷ ಬೀಳುವಷ್ಟು ಮಳೆ ನಮಗೆ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ.

ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ 24-25ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ದಿನ ನಡುಹಗಲಲ್ಲಿ ನೆರಳೇ ಇರುವುದಿಲ್ಲ. ಲೆಕ್ಕ ಪ್ರಕಾರ ಆಗಸ್ಟ್ ಕೂಡ ಏಪ್ರಿಲ್‌ನಷ್ಟೇ ಬಿಸಿ ಇರಬೇಕಿತ್ತು. ಆದರೆ ಮಳೆಗಾಲದ ಮೋಡ ಆ ಬಿಸಿಲನ್ನು ಕೆಳಗಿಳಿಯಲು ಬಿಡುವುದಿಲ್ಲ. ಪಟ್ಟಿಯಲ್ಲಿ ಏಪ್ರಿಲ್‌ನ 34 ಮತ್ತು ಆಗಸ್ಟ್‌ನ 28.5 ಪಕ್ಕಪಕ್ಕ ಇಟ್ಟು ನೋಡಿ. ಮೋಡದ ಬೆಲೆ ಐದೂವರೆ ಡಿಗ್ರಿ.

ಮಳೆ ಬೇಗ ಬಂದರೆ ಮೇ ಸರಾಸರಿಯೇ ಬದಲಾಗುತ್ತದೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ನಮ್ಮ ಕರಾವಳಿಯಲ್ಲಿ ಮೇ ಕೊನೆಯ ವಾರ ಪೂರ್ತಿ ಮಳೆಗಾಲವೇ ಆಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ತೀರದ ಉದ್ದಕ್ಕೂ ಹಾದು ಹೋದಾಗಲೂ ಆ ದಿನಗಳ ಗರಿಷ್ಠ ಇಳಿದಿತ್ತು. ಮೇ ತಿಂಗಳ ಸರಾಸರಿಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಅದು ಪತ್ತನಾಜೆಗೆ (ಮೇ 24ರ ಆಸುಪಾಸು ಬರುವ, ತುಳುವರು ಮಳೆಗಾಲದ ಹೊಸ್ತಿಲೆಂದು ಎಣಿಸುವ ದಿನ) ಮೊದಲಿನ ಉರಿಯನ್ನೂ ನಂತರದ ಮೋಡವನ್ನೂ ಒಂದೇ ಅಂಕಿಯಲ್ಲಿ ಸೇರಿಸುತ್ತದೆ.

ಸರಾಸರಿಯನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಬಿಳಿ ಬಣ್ಣದ, ಗಾಳಿ ಆಡುವ ಪಟ್ಟಿಗಳಿರುವ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿ ಉಷ್ಣಮಾಪಕ ಇಡುತ್ತಾರೆ. ದಿನದ ಗರಿಷ್ಠ, ಕನಿಷ್ಠ ಬರೆದುಕೊಳ್ಳುತ್ತಾರೆ. ತಿಂಗಳ ಎಲ್ಲ ದಿನದ್ದನ್ನೂ ಕೂಡಿಸಿ ಭಾಗಿಸುತ್ತಾರೆ. ಹೀಗೆ ಮೂವತ್ತು ವರ್ಷದ ಲೆಕ್ಕ ಸೇರಿದರೆ ಅದು ಆ ಊರಿನ ಸಾಮಾನ್ಯ ಉಷ್ಣಾಂಶ. "ಇಂದು ಸಾಮಾನ್ಯಕ್ಕಿಂತ 2 ಡಿಗ್ರಿ ಹೆಚ್ಚು" ಅಂತ ಪತ್ರಿಕೆಯಲ್ಲಿ ಬರುವುದು ಇದಕ್ಕೆ ಹೋಲಿಸಿ.

ಪಣಂಬೂರಿನ ಅಂಕಿಗೂ ಬಜ್ಪೆಯ ಅಂಕಿಗೂ ಹೊಂದುವುದಿಲ್ಲ. ಯಾವುದನ್ನು ನಂಬಬೇಕು?

ಎರಡೂ ಮಂಗಳೂರಿನ ಹವಾಮಾನ ಕೇಂದ್ರಗಳೇ. ಯಾವುದು ಅನ್ನುವುದು ನಿಮ್ಮ ಮನೆ ಎಲ್ಲಿದೆ ಎಂಬುದರ ಮೇಲೆ. ಪಣಂಬೂರು ಬಂದರಿನ ಪಕ್ಕ, ಸಮುದ್ರ ಮಟ್ಟದಲ್ಲಿದೆ. ಬಜ್ಪೆ ವಿಮಾನ ನಿಲ್ದಾಣ ಸುಮಾರು 100 ಮೀಟರ್ ಎತ್ತರದ ಗುಡ್ಡದ ಮೇಲಿದೆ, ತೀರದಿಂದ ಒಳಗೆ. ಬೆಳಗ್ಗೆ ಬಜ್ಪೆ ತುಸು ತಂಪು. ಉಳ್ಳಾಲ, ಸುರತ್ಕಲ್, ಮಲ್ಪೆಯವರಿಗೆ ಪಣಂಬೂರಿನ ಅಂಕಿ ಹತ್ತಿರ. ಮಣಿಪಾಲದಂಥ ಗುಡ್ಡದ ಊರಿನವರಿಗೆ ಬಜ್ಪೆಯದ್ದು.

ಸುಳ್ಯ, ಪುತ್ತೂರು, ಬೆಳ್ತಂಗಡಿ, ಕಾರ್ಕಳದ ಕಥೆ ಬೇರೆ. ಕಡಲಗಾಳಿ ಅಲ್ಲಿಗೆ ತಲುಪುವ ಹೊತ್ತಿಗೆ ಸೋತಿರುತ್ತದೆ. ಮಾರ್ಚ್ ಮಧ್ಯಾಹ್ನ ಅಲ್ಲಿ ಮಂಗಳೂರಿಗಿಂತ ಬಿಸಿ ಜಾಸ್ತಿ, ಜನವರಿ ರಾತ್ರಿ ಮಂಗಳೂರಿಗಿಂತ ಚಳಿ ಜಾಸ್ತಿ.

ಕರಾವಳಿಗೂ ಬಿಸಿಗಾಳಿ ಎಚ್ಚರಿಕೆ ಕೊಡುತ್ತಾರಾ?

ಕೊಡುತ್ತಾರೆ. ಬಯಲು ಸೀಮೆಗೆ 40 ಡಿಗ್ರಿ ಗಡಿಯಾದರೆ ಕರಾವಳಿಗೆ ಹವಾಮಾನ ಇಲಾಖೆ ಇಟ್ಟ ಗಡಿ 37. ಅದರ ಜೊತೆ ಸಾಮಾನ್ಯಕ್ಕಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಮಾರ್ಚ್‌ನ ಸಾಮಾನ್ಯ 33.5 ಅಂದರೆ ಪಾದರಸ 38 ಮುಟ್ಟಬೇಕು. 2023ರ ಮಾರ್ಚ್‌ನಲ್ಲಿ ಕರಾವಳಿ ಜಿಲ್ಲೆಗಳಿಗೆ ಇಂಥ ಎಚ್ಚರಿಕೆ ಬಂದಿತ್ತು.

ಗಮನಿಸಿ, ಇದು ಬರುವುದು ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ, ಪೂರ್ವದ ಗಾಳಿ ಇನ್ನೂ ಬಿಡದಿರುವಾಗ. ಮೇ ತಿಂಗಳಲ್ಲಿ 35ರಲ್ಲೇ ಜನ ಕುಸಿದರೂ ಅಂಕಿಯ ಗಡಿ ದಾಟದ ಕಾರಣ ಎಚ್ಚರಿಕೆ ಬರದೇ ಇರಬಹುದು. ಹಾಗಾಗಿ ಎಚ್ಚರಿಕೆ ಬಂದಿಲ್ಲ ಅಂತ ಗದ್ದೆ, ಕಟ್ಟಡದ ಕೆಲಸಕ್ಕೆ ನಡುಹಗಲಲ್ಲಿ ಆಳುಗಳನ್ನು ಇಳಿಸಬೇಡಿ. ಬೆಳಗ್ಗೆ ಬೇಗ ಶುರು ಮಾಡಿ ಹನ್ನೆರಡಕ್ಕೆ ನಿಲ್ಲಿಸುವುದು, ಮತ್ತೆ ಮೂರೂವರೆಯ ನಂತರ ಹಿಡಿಯುವುದು ಒಳ್ಳೆಯದು. ಬರೀ ನೀರು ಸಾಲದು, ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಗಂಜಿ ತೆಳಿ, ಮಜ್ಜಿಗೆ, ಬೊಂಡ (ಎಳನೀರು) ಕೊಡಿ. ಬೆವರು ನಿಂತರೆ, ಮಾತು ತೊದಲಿದರೆ, ತಲೆ ತಿರುಗಿ ಬಿದ್ದರೆ ಮೈಗೆ ನೀರು ಸುರಿದು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಸೆಕೆ ಕಮ್ಮಿ ಇರುವ ಮನೆ ಯಾವುದು?

ಹಂಚಿನ ಮಾಡಿನ ಮನೆ ಸಿಕ್ಕರೆ ಬಿಡಬೇಡಿ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕೆಂಪು ಹಂಚು ಊರೂರಿಗೂ ಹೋಯಿತು. ಎತ್ತರದ ಮಾಡು, ಹಂಚಿನ ಸಂದಿಯಿಂದ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಹಂಚು ತೆಳುವಾಗಿರುವುದರಿಂದ ಸಂಜೆಯಾಗುತ್ತಲೇ ಆರುತ್ತದೆ. ಕಾಂಕ್ರೀಟ್ ತಾರಸಿ ಹಾಗಲ್ಲ. ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಹನ್ನೆರಡರವರೆಗೂ ಕೋಣೆಯೊಳಗೆ ಬಿಡುತ್ತಿರುತ್ತದೆ.

ಫ್ಲ್ಯಾಟ್ ಆದರೆ ಕೊನೆಯ ಮಹಡಿ ಬೇಡ. ಬೇಕೇ ಬೇಕು ಅಂದರೆ ತಾರಸಿಯ ಮೇಲೆ ಶೀಟು ಹೊದಿಸಿದ್ದಾರಾ ನೋಡಿ. ಮಳೆಗೆ ಅಂತ ಹಾಕಿಸಿದ್ದು ಬಿಸಿಲಿಗೂ ನೆರಳಾಗುತ್ತದೆ. ಪಶ್ಚಿಮಕ್ಕೆ ಕಿಟಕಿ ಇದ್ದರೆ ಕಡಲಗಾಳಿ ಬರುತ್ತದೆ, ಆದರೆ ಸಂಜೆಯ ಬಿಸಿಲೂ ಬರುತ್ತದೆ, ಜುಲೈಯಲ್ಲಿ ಮಳೆಯ ಎರಚಲೂ ಬರುತ್ತದೆ. ಕಿಟಕಿಯ ಮೇಲೆ ಅಗಲವಾದ ಸಜ್ಜೆ ಇದ್ದರೆ ಮಾತ್ರ ಪಶ್ಚಿಮದ ಕೋಣೆ ತೆಗೆದುಕೊಳ್ಳಿ.

ಎಸಿ ಎಷ್ಟು ತಿಂಗಳು ಬೇಕಾಗುತ್ತದೆ?

ಮಾರ್ಚ್ ಮಧ್ಯದಿಂದ ಮಳೆ ಬೀಳುವವರೆಗೆ, ರಾತ್ರಿಗೆ. 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡರೆ ಸಾಕು. ಎಸಿಯ ಮುಖ್ಯ ಉಪಯೋಗ ಇಲ್ಲಿ ಪಸೆ ತೆಗೆಯುವುದು. ಜುಲೈಯಲ್ಲಿ ಡ್ರೈ ಮೋಡ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಕಪಾಟಿನ ಬಟ್ಟೆಗೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವುದು ಕಮ್ಮಿಯಾಗುತ್ತದೆ.

ಒಂದೆರಡು ಡಿಗ್ರಿ ವ್ಯತ್ಯಾಸ ಬೆಳೆಗೆ ಲೆಕ್ಕಕ್ಕೆ ಬರುತ್ತದಾ?

ಖಂಡಿತ ಬರುತ್ತದೆ. ಮಾವು, ಗೇರು ಹೂ ಬಿಡಲು ಡಿಸೆಂಬರ್-ಜನವರಿಯ ತಂಪು ರಾತ್ರಿ ಬೇಕು. ಆಗ ಮೋಡ ಮುಸುಕಿ ರಾತ್ರಿ ಬೆಚ್ಚಗಾದರೆ ಹೂ ತಡವಾಗುತ್ತದೆ, ಮಳೆ ಬಿದ್ದರೆ ಕರಗುತ್ತದೆ. ಶಂಕರಪುರದ ಮಲ್ಲಿಗೆಗೆ ಬಿಸಿಲೇ ಜೀವ. ಜಡಿಮಳೆಯಲ್ಲೂ ಚಳಿಯಲ್ಲೂ ಹೂ ಇಳಿಯುತ್ತದೆ, ರೇಟು ಏರುತ್ತದೆ.

ಅಡಿಕೆಗೆ ಮಹಾಳಿ (ಕೊಳೆ) ರೋಗ ಬರುವುದು ಜುಲೈ-ಆಗಸ್ಟ್‌ನ ಈ ತಂಪು, ಬಿಡದ ಮಳೆ, ಆರದ ಪಸೆ ಮೂರೂ ಸೇರಿದಾಗ. ಮಳೆ ಹಿಡಿಯುವ ಮೊದಲೊಮ್ಮೆ, ಆಮೇಲೆ ನಲವತ್ತು-ನಲವತ್ತೈದು ದಿನಕ್ಕೊಮ್ಮೆ ಬೋರ್ಡೊ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ನೀರು) ಹೊಡೆಯುವುದು ಇದಕ್ಕೆ. ಎರಡನೆಯ ಸಿಂಪಡಣೆಗೆ ಬೇಕಾದ ಬಿಸಿಲಿನ ಎರಡು ದಿನ ಸಿಗದೆ ತೋಟದವರು ಬಾನು ನೋಡುತ್ತಾ ಕೂರುವ ಕಷ್ಟ ಯಾವ ಸರಾಸರಿಯಲ್ಲೂ ಕಾಣುವುದಿಲ್ಲ.

ನೋಡಲಿಕ್ಕೆ ಬರುವುದಾದರೆ ಯಾವ ತಿಂಗಳು?

ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಕಂಬಳ, ಯಕ್ಷಗಾನ, ದೈವಗಳ ನೇಮ ಎಲ್ಲವೂ ಆಗಲೇ ಇರುತ್ತವೆ. ಮಧ್ಯಾಹ್ನ ಮಾತ್ರ ನೆರಳಲ್ಲಿರಿ. ಮಳೆ ನೋಡಬೇಕು ಅನ್ನುವವರು ಜುಲೈಯಲ್ಲಿ ಬನ್ನಿ, ಆದರೆ ಸಮುದ್ರಕ್ಕೆ ಇಳಿಯಬೇಡಿ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ, ಹಾಗಾಗಿ ತಾಜಾ ಮೀನು ಕಮ್ಮಿ, ದುಬಾರಿ. ಏಪ್ರಿಲ್-ಮೇ ರಜೆಯಲ್ಲೇ ಬರಬೇಕಾದರೆ ಸುತ್ತಾಟವನ್ನು ಬೆಳಗ್ಗೆ ಹತ್ತರೊಳಗೆ ಮುಗಿಸಿ. ಸೆಕೆ ತಡೆಯದಿದ್ದರೆ ಆಗುಂಬೆ ಕಡೆ ಹತ್ತಿ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಆಗುಂಬೆಯ ಎತ್ತರ ಆರುನೂರು ಮೀಟರ್ ದಾಟಿದೆ, ನಾಲ್ಕು ಡಿಗ್ರಿ ತಂಪು ಸಿಗುತ್ತದೆ.

"ಮೊದಲು ಇಷ್ಟು ಸೆಕೆ ಇರಲಿಲ್ಲ" ಅಂತ ಹಿರಿಯರು ಹೇಳುತ್ತಾರೆ. ನಿಜವಾ?

ನಿಜ ಇದೆ. ಅರಬ್ಬೀ ಸಮುದ್ರ ಕೆಲವು ದಶಕಗಳಿಂದ ಬಿಸಿಯಾಗುತ್ತಾ ಬಂದಿದೆ, ಅದರ ಗಾಳಿಯನ್ನೇ ನಂಬಿದ ಊರಿಗೆ ಅದು ತಟ್ಟದೇ ಇರುವುದಿಲ್ಲ. ಅದರ ಮೇಲೆ ನಾವೇ ಮಾಡಿಕೊಂಡದ್ದೂ ಇದೆ. ರಸ್ತೆ ಅಗಲ ಮಾಡುವಾಗ ಸಾಲುಮರ ಹೋದವು, ಗದ್ದೆಗೆ ಮಣ್ಣು ತುಂಬಿ ಕಟ್ಟಡ ಎದ್ದಿತು, ಅಂಗಳಕ್ಕೆ ಇಂಟರ್‌ಲಾಕ್ ಹಾಕಿದೆವು. ನೀರು ನಿಲ್ಲುತ್ತಿದ್ದ ಗದ್ದೆ ಸುತ್ತಲಿನ ಗಾಳಿಯನ್ನು ತಣ್ಣಗೆ ಇಡುತ್ತಿತ್ತು. ಅಂಗಳದಲ್ಲಿ ಒಂದು ಮರ ಇದ್ದರೆ ಆ ಮನೆಯ ಮಧ್ಯಾಹ್ನ ಬೇರೆಯೇ ಆಗಿರುತ್ತದೆ. ಇದನ್ನು ಯಾವ ಇಲಾಖೆಗೂ ಕಾಯದೆ ನಾವೇ ಮಾಡಬಹುದು.

ಮನೆಯಲ್ಲೇ ಉಷ್ಣಾಂಶ ಅಳೆಯಬಹುದಾ?

ಅಳೆಯಿರಿ. ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಮಾಪಕ ತೆಗೆದುಕೊಳ್ಳಿ, ಬರೀ ಉಷ್ಣಾಂಶದ್ದು ನಮ್ಮ ಕಡೆಗೆ ಸಾಲದು. ಬಿಸಿಲು ಬೀಳದ, ಗಾಳಿ ಆಡುವ ಜಗಲಿಯಲ್ಲಿ ತಲೆ ಎತ್ತರಕ್ಕೆ ನೇತುಹಾಕಿ. ಗೋಡೆಗೆ ತಾಗಿಸಬೇಡಿ, ಎಸಿಯ ಹೊರಗಿನ ಪೆಟ್ಟಿಗೆಯ ಹತ್ತಿರ ಬೇಡ. ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತಕ್ಕೆ ಬರೆದಿಡಿ. ರಾತ್ರಿ ಒಂಬತ್ತರದ್ದನ್ನು ಮರೆಯಬೇಡಿ, ನಿಮ್ಮ ಮನೆಯಲ್ಲಿ ಸೆಕೆ ಎಷ್ಟು ಅಂತ ತಿಳಿಯುವುದು ಅದರಿಂದಲೇ.